98 ತಡೆದರೂ ಸೋಲು
ಎದುರಾಳಿ ಹೊಡೆದದ್ದು 101, ತಡೆದದ್ದು 98, ಆದರೂ ಸೋಲು. ಬೆಳಗ್ಗಿನಿಂದ ಗೋಲ್‌ಕೀಪರ್ ಮೈಕಲ್ ಲೇಟನ್‌ನ ಈ ಲೆಕ್ಕವೇ ತಲೆಯಲ್ಲಿ ಕೂತಿದೆ.

2008ರ ಏಪ್ರಿಲ್ 24, ಅಮೆರಿಕದ ಆಲ್ಬನಿ. ಅಮೆರಿಕನ್ ಹಾಕಿ ಲೀಗಿನ ಪ್ಲೇಆಫ್ ಪಂದ್ಯ. ಐಸ್ ಹಾಕಿಯ ದೊಡ್ಡ ಲೀಗು ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನದು ಇದು. 2-2 ಸಮ. ಪ್ಲೇಆಫಿನಲ್ಲಿ ಗೋಲು ಬೀಳುವ ತನಕ ಆಟ ಮುಗಿಯೋದಿಲ್ಲ. 20 ನಿಮಿಷದ ಹೆಚ್ಚುವರಿ ಅವಧಿ ಒಂದಾದ ಮೇಲೊಂದು. ಗೋಲ್‌ಕೀಪರ್‌ನ ಕಾಲಿಗೆ ದಪ್ಪ ಪ್ಯಾಡು, ಮುಖಕ್ಕೆ ಜಾಲರಿ. ಮಂಡಿಯೂರಿ ಬೀಳಬೇಕು, ಏಳಬೇಕು, ಮತ್ತೆ ಬೀಳಬೇಕು. ಐದನೇ ಹೆಚ್ಚುವರಿ ಅವಧಿಯಲ್ಲಿ ಫಿಲಡೆಲ್ಫಿಯಾ ಫ್ಯಾಂಟಮ್ಸ್‌ನ ರಯಾನ್ ಪೊಟುಲ್ನಿ ಹೊಡೆದದ್ದು ಒಳಹೋಯಿತು.

ಎರಡು ವರ್ಷ ಕಳೆದು ಅದೇ ಲೇಟನ್ ಫಿಲಡೆಲ್ಫಿಯಾ ಫ್ಲೈಯರ್ಸ್ ಪರ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ನಿಂತ. ಷಿಕಾಗೊದ ಪ್ಯಾಟ್ರಿಕ್ ಕೇನ್ ಹೊಡೆದ ಗೋಲಿಗೆ ಕಪ್ ಕೈತಪ್ಪಿತು. ಹೆಚ್ಚಿನವರಿಗೆ ನೆನಪಿರೋದು ಆ ಒಂದು ಗೋಲು. ಅನ್ಯಾಯ ಅಲ್ಲವೇ?

ಆಮೇಲೂ ವರ್ಷಗಟ್ಟಲೆ ಕೆಳಗಿನ ಲೀಗಿನಲ್ಲಿ ಆಡಿದ. ಒಂದೂ ಗೋಲು ಬಿಡದ ಪಂದ್ಯಗಳನ್ನು ಅಲ್ಲಿ 50ಕ್ಕೆ ಮುಟ್ಟಿಸಿದ. ಹಳೆಯ ಗೋಲ್‌ಕೀಪರ್ ಜಾನಿ ಬೋವರ್ ಹೆಸರಲ್ಲಿದ್ದ 45ರ ದಾಖಲೆ ಆ ದಾರಿಯಲ್ಲೇ ಮುರಿಯಿತು. ಇವನನ್ನು ದೊಡ್ಡ ಆಟಗಾರ ಅನ್ನಲೇಬೇಕು. ನೀವೇನಂತೀರಿ?