ದುರ್ಗಸೀಮೆಯ ದಾರಿಯಲ್ಲಿ ಮುಪ್ಪಿನ ವಿಚಾರ

ಮುಪ್ಪು ಬರುವುದು ಶರೀರದ ಧರ್ಮ. ಅದು ಹೇಗೆ ಬರುತ್ತದೆಂಬುದರಲ್ಲಿ ನಮ್ಮ ನಡೆಯ ಪಾಲೂ ಉಂಟು. ಹಿರಿಯೂರಿನಿಂದ ಹೊರಟು ಹೊಸದುರ್ಗ, ಹೊಳಲ್ಕೆರೆಗಳನ್ನು ಹಾದು ಚಿತ್ರದುರ್ಗವನ್ನು ಸೇರಿದ ನಮ್ಮ ಈಚಿನ ಸಂಚಾರದಲ್ಲಿ ಈ ವಿಚಾರವೇ ಮನಸ್ಸನ್ನು ತುಂಬಿತ್ತು.

ಹಿರಿಯೂರಿನ ಸಮೀಪ ವೇದಾವತಿಗೆ ಅಡ್ಡಲಾಗಿ ನಿಂತಿರುವ ವಾಣಿವಿಲಾಸ ಸಾಗರದ ನಿರ್ಮಾಣ 1907ರಲ್ಲಿ ಮುಗಿಯಿತು. ಜನರ ಬಾಯಲ್ಲಿ ಅದು ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಣ ಬರಗಾಲಗಳಲ್ಲಿ ಒದಗಿದ್ದು ಕೂಡಿಟ್ಟ ನೀರು. ಶರೀರದ ಲೆಕ್ಕವೂ ಹೀಗೆಯೇ. ಮೂಳೆಯ ಗಟ್ಟಿತನ ಕೂಡುವುದು ಮೂವತ್ತರ ಆಸುಪಾಸಿನವರೆಗೆ. ಬಳಿಕ ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ. ಆದರೂ ದುಡಿಸಿದ ಸ್ನಾಯು ಎಪ್ಪತ್ತರಲ್ಲಿಯೂ ಬಲಗೊಳ್ಳಬಲ್ಲುದು.

ಹೊಸದುರ್ಗದ ಹೊಲಗಳು ರಾಗಿ, ಸಾವೆ, ನವಣೆಗಳ ತವರು. ತೌಡು ಕಳೆಯದ ಈ ಧಾನ್ಯಗಳ ನಾರು ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರದಂತೆ ತಡೆಯುತ್ತದೆ. ಆದರೆ ನೇಗಿಲು ಹಿಡಿದವನ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕುಳಿತವನಿಗೆ ಸಲ್ಲದು. ಬೇಕಾದಷ್ಟನ್ನೇ ನೀಡಿಸಿಕೊಂಡು ಒಂದಗುಳೂ ಉಳಿಸದ ನಮ್ಮ ಪ್ರಸಾದದ ಶಿಸ್ತು ಆರೋಗ್ಯದ ಸೂತ್ರವೂ ಹೌದು. ಇದೇ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಶಿವಸಂಚಾರ ನಾಟಕ ತಂಡ ಹೊರಟಿತು. ನಾಲ್ಕು ಜನರ ನಡುವೆ ಕುಳಿತು ನಾಟಕ ನೋಡಿ, ಮಾತನಾಡಿ ಬರುವುದು ವೃದ್ಧರ ಮನಸ್ಸಿಗೆ ಮದ್ದು. ಒಂಟಿತನ ಶರೀರವನ್ನೂ ಕೃಶವಾಗಿಸುತ್ತದೆ.

ಹೊಳಲ್ಕೆರೆ ತಾಲ್ಲೂಕಿಗೆ ಬಂದರೆ ಅಡಕೆಯ ತೋಟಗಳು. ನಮ್ಮ ಅನೇಕ ಭಕ್ತರ ಬದುಕು ಇದರಿಂದಲೇ ನಡೆಯುತ್ತಿದೆ. ಆದರೂ ಸತ್ಯವನ್ನು ಮರೆಮಾಚಲಾಗದು: ಹೊಗೆಸೊಪ್ಪು ಸೇರದಿದ್ದರೂ ಅಡಕೆ ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿತು. ಹೊಗೆಸೊಪ್ಪು ಸೇರಿದರಂತೂ ಅಪಾಯ ಹೆಚ್ಚು. ಇದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರು ಊರೂರು ತಿರುಗಿ ಯೋಗ ಕಲಿಸಿದರು, ಆಯುರ್ವೇದದಿಂದ ರೋಗಿಗಳ ಸೇವೆ ಮಾಡಿದರು, ‘ತಿರುಕ’ ಎಂಬ ಹೆಸರಿನಿಂದ ಬರೆದರು. ನೂರು ವರ್ಷ ದಾಟಿ 1996ರಲ್ಲಿ ಅವರು ದೇಹ ಬಿಟ್ಟರು.

ಚಿತ್ರದುರ್ಗದಲ್ಲಿ ನೆನಪಾಗುವವರು ಎಸ್. ನಿಜಲಿಂಗಪ್ಪನವರು. 1902ರಲ್ಲಿ ಜನಿಸಿ, ಮುಖ್ಯಮಂತ್ರಿ ಪದವಿಯನ್ನೇರಿದ ಅವರು ಮುಪ್ಪಿನ ದಿನಗಳನ್ನು ಈ ಊರಿನ ಮನೆಯಲ್ಲಿ ಸರಳವಾಗಿ ಕಳೆದರು. ಅವರ ಆತ್ಮಕಥೆ ಹೊರಬಂದದ್ದು 2000ದಲ್ಲಿ. ಅದೇ ವರ್ಷ, ತೊಂಬತ್ತೇಳರ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ದೀರ್ಘಾಯುಷ್ಯಕ್ಕೆ ವಂಶಗುಣವೂ ಅದೃಷ್ಟವೂ ಬೇಕು, ನಿಜ. ಆದರೆ ಈ ಇಬ್ಬರೂ ವಯಸ್ಸಾಯಿತೆಂದು ಕಾಯಕವನ್ನು ಕೆಳಗಿಟ್ಟವರಲ್ಲ.

ಮನೆಮನೆಗಳಲ್ಲಿ ನಾವು ಕಾಣುತ್ತಿರುವುದು ಇದಕ್ಕೆ ವಿರುದ್ಧ. ತಂದೆಗೆ ಅರುವತ್ತು ತುಂಬಿತೆಂದರೆ ಮಕ್ಕಳು ಅವರ ಕೈಯ ಕೆಲಸವನ್ನೆಲ್ಲ ಕಸಿದು ಕುರ್ಚಿಯಲ್ಲಿ ಕೂರಿಸುತ್ತಾರೆ. ಅದನ್ನೇ ಗೌರವವೆಂದು ಬಗೆಯುತ್ತಾರೆ. ಹೀಗೆ ಕುಳಿತವರ ಕಾಲಿನ ಬಲ ಉಡುಗುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿದರೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುತ್ತಾರೆ. ವಾರಕ್ಕೆ 150 ನಿಮಿಷವಾದರೂ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವೃದ್ಧರಿಗೂ ಹೇಳುತ್ತದೆ. ಅವರವರ ಶಕ್ತಿಯನ್ನರಿತು, ವೈದ್ಯರನ್ನು ಕೇಳಿ, ಇದನ್ನು ನಡೆಸಬೇಕು.

ಆದುದರಿಂದ ಸದ್ಭಕ್ತರೇ, ಹೂ ಬಿಡಿಸುವುದು, ಕಾಳು ಆರಿಸುವುದು, ಮೊಮ್ಮಗುವನ್ನು ಶಾಲೆಗೆ ಕರೆದೊಯ್ಯುವುದು, ಇವನ್ನು ಹಿರಿಯರಿಂದ ಕಸಿಯಬೇಡಿರಿ. ದಣಿಸುವ ದುಡಿಮೆಯನ್ನು ಇಳಿಸಿರಿ, ಕಾಯಕವನ್ನು ಉಳಿಸಿರಿ. ಅದೇ ನಿಜವಾದ ಹಿರಿಯರ ಸೇವೆ.