ರಿಯಾಲ್ ಸಾಲ, ರೂಪಾಯಿ ಲೆಕ್ಕ

ಉಮ್ರಾಕ್ಕೆ ಹೊರಡುವವರು ಜುಮಾ ನಮಾಝಿನ ಬಳಿಕ ನಮ್ಮ ಬಳಿ ಬಂದು ಕುಳಿತುಕೊಳ್ಳುವುದುಂಟು. ಇಹ್ರಾಮ್ ಎಲ್ಲಿ ಧರಿಸಬೇಕು, ತವಾಫಿನ ಸುತ್ತುಗಳ ಲೆಕ್ಕ ತಪ್ಪಿದರೆ ಏನು ಮಾಡಬೇಕು ಎಂದೆಲ್ಲ ವಿಚಾರಿಸುತ್ತಾರೆ. ರಿಯಾಲಿನ ವಿಷಯ ಕೇಳುವವರು ಕಡಿಮೆ. ಕೇಳಿದರೂ ಎಲ್ಲಿ ಅಗ್ಗವಾಗಿ ಸಿಗುತ್ತದೆ ಎಂಬಷ್ಟಕ್ಕೇ ನಿಲ್ಲಿಸುತ್ತಾರೆ. ಹಣ ಬದಲಾಯಿಸುವುದು ಪೇಟೆಯ ವ್ಯವಹಾರ, ಅದಕ್ಕೂ ದೀನಿಗೂ ಏನು ಸಂಬಂಧ ಎಂಬ ಭಾವನೆ ನಮ್ಮ ಜನರಲ್ಲಿದೆ. ಫಿಕ್ಹ್ ಗ್ರಂಥಗಳಲ್ಲಿ ಅದಕ್ಕಾಗಿಯೇ ‘ಸರ್ಫ್’ ಎಂಬ ಪ್ರತ್ಯೇಕ ಅಧ್ಯಾಯವಿದೆ. ಮದ್ರಸದಲ್ಲಿ ಅದನ್ನು ಓದಿದ ನಾವೇ ಅದನ್ನು ಮರೆತು ನಡೆದುಕೊಂಡ ಸಂದರ್ಭವೊಂದಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಹಣ ಬದಲಾಯಿಸುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇವೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದುದು ‘ಹಾಲಿ ಸಿಕ್ಕಾ’ ರೂಪಾಯಿ. ಅದರ ನೋಟುಗಳ ಮೇಲೆ ಉರ್ದುವಿನ ಜೊತೆಗೆ ಕನ್ನಡದ ಅಕ್ಷರಗಳೂ ಇದ್ದವು. ತುಂಗಭದ್ರೆಯನ್ನು ದಾಟಿದರೆ ಹೊಸಪೇಟೆ, ಅದು ಮದ್ರಾಸ್ ಪ್ರಾಂತ. ಪಶ್ಚಿಮಕ್ಕೆ ಹೋದರೆ ಗದಗ, ಅದು ಮುಂಬಯಿ ಪ್ರಾಂತ. ಎರಡೂ ಕಡೆ ನಡೆಯುತ್ತಿದ್ದುದು ಇಂಗ್ಲಿಷರ ‘ಕಲದಾರ’ ರೂಪಾಯಿ. ಸಂತೆಗೆಂದು ಒಂದು ಹಗಲು ನಡೆದುಹೋಗುವವನೂ ಹಾಲಿಯನ್ನು ಕಲದಾರಕ್ಕೆ ಬದಲಾಯಿಸಿಕೊಂಡು, ಬಟ್ಟಾ ತೆತ್ತು ಬರಬೇಕಿತ್ತು. ಸಂಸ್ಥಾನವು ಭಾರತಕ್ಕೆ ಸೇರಿದ ಮೇಲೆ 7 ಹಾಲಿಗೆ 6 ಕಲದಾರ ಎಂಬ ದರ ನಿಂತಿತು. ಬಟ್ಟಾದ ಅಂಗಡಿಯ ಮುಂದೆ ನಿಂತಾಗ ಒಂದು ಕೈಯಲ್ಲಿ ಕೊಡುತ್ತ ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳಬೇಕು, ನಾಳೆ ಬಾ ಎಂದವನಿಗೆ ಕೊಡಬಾರದು ಎಂದು ನಮ್ಮ ದಾದಾ ಹೇಳುತ್ತಿದ್ದರು. ಅದು ವ್ಯಾಪಾರದ ಜಾಣತನವೆಂದು ನಾವು ಆಗ ತಿಳಿದಿದ್ದೆವು.

ಹಾಲಿ ಸಿಕ್ಕಾ ಪೂರ್ತಿಯಾಗಿ ರದ್ದಾದದ್ದು 1959ರಲ್ಲಿ. ಅದೇ ವರ್ಷ ನಮ್ಮ ರಿಸರ್ವ್ ಬ್ಯಾಂಕು ಹಜ್ಜ್ ಯಾತ್ರಿಕರಿಗಾಗಿಯೇ 10 ಮತ್ತು 100 ರೂಪಾಯಿಯ ವಿಶೇಷ ನೋಟುಗಳನ್ನು ಹೊರತಂದಿತು. ಬೇರೆ ಬಣ್ಣದ ಆ ನೋಟುಗಳನ್ನು ಯಾತ್ರಿಕರು ಅರಬ್ ನಾಡಿಗೆ ಒಯ್ದು ಅಲ್ಲಿ ರಿಯಾಲ್ ಪಡೆಯುತ್ತಿದ್ದರು. ಅರಬ್ ನಾಡಿನ ಕಥೆಯೂ ಹೀಗೆಯೇ ಇದೆ. ಅಲ್ಲಿ ಬೆಳ್ಳಿಯ ರಿಯಾಲ್ ನಾಣ್ಯಗಳು ನಡೆಯುತ್ತಿದ್ದವು. ಆ ಭಾರವನ್ನು ಹಾಜಿಗಳು ಹೊರುವುದು ಬೇಡವೆಂದು 1953ರಲ್ಲಿ ‘ಹಜ್ಜ್ ಯಾತ್ರಿಕರ ರಶೀದಿ’ ಎಂಬ ಕಾಗದಗಳನ್ನು ಅಚ್ಚು ಹಾಕಿದರು. ಜನರು ಅವನ್ನೇ ಹಣದಂತೆ ನಡೆಸತೊಡಗಿದರು. ಸೌದಿಯ ಕಾಗದದ ಹಣಕ್ಕೆ ನಾಂದಿಯಾದದ್ದು ಹಾಜಿಗಳ ಜೇಬು ಎಂದರೆ ತಪ್ಪಾಗದು.

ಈಗಿನ ಕ್ರಮವನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಮೊದಲು ಭಾರತೀಯ ಹಜ್ಜ್ ಸಮಿತಿಯೇ ಪ್ರತಿ ಯಾತ್ರಿಕನಿಗೆ 2,100 ರಿಯಾಲ್ ಕೊಡುತ್ತಿತ್ತು. 2023ರಿಂದ ಆ ಹೊಣೆಯನ್ನು ಯಾತ್ರಿಕರಿಗೇ ಬಿಡಲಾಗಿದೆ. ಉಮ್ರಾದವರಂತೂ ಮೊದಲಿನಿಂದಲೂ ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ಬ್ಯಾಂಕಿನಲ್ಲಾಗಲಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ವಿನಿಮಯದವರಲ್ಲಾಗಲಿ ಕೊಂಡು ರಶೀದಿ ಪಡೆಯಿರಿ. 50,000 ರೂಪಾಯಿ ಮೀರಿದರೆ ನಗದು ನಡೆಯುವುದಿಲ್ಲ, ಚೆಕ್ಕು ಅಥವಾ ಖಾತೆಯ ಮೂಲಕವೇ ಕೊಡಬೇಕು. ರೂಪಾಯಿ ನೋಟುಗಳನ್ನು 25,000ಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಮರಳಿದ ಮೇಲೆ 2,000 ಡಾಲರ್ ಮೌಲ್ಯಕ್ಕಿಂತ ಹೆಚ್ಚು ವಿದೇಶಿ ನೋಟು ಉಳಿದಿದ್ದರೆ 180 ದಿನಗಳೊಳಗೆ ಹಿಂದಿರುಗಿಸಬೇಕು. ರಿಯಾಲಿನ ಬೆಲೆ ಏರುವುದೋ ಇಳಿಯುವುದೋ ಎಂದು ನೋಡಬೇಕಾದರೆ ಡಾಲರಿನ ಬೆಲೆ ನೋಡಿದರೆ ಸಾಕು. 1986ರಿಂದ ಒಂದು ಡಾಲರಿಗೆ 3.75 ರಿಯಾಲ್ ಎಂದು ಕಟ್ಟಿಟ್ಟಿದ್ದಾರೆ. ಇಹ್ರಾಮಿನ ಮೇಲೆ ಹಣದ ಪಟ್ಟಿ ಕಟ್ಟಬಹುದೇ ಎಂದು ಹಿರಿಯರು ಕೇಳುತ್ತಾರೆ. ಕಟ್ಟಬಹುದು. ಉಮ್ಮುಲ್ ಮೂಮಿನೀನ್ ಆಯಿಶಾ(ರ) ಅದರಲ್ಲಿ ತಪ್ಪಿಲ್ಲವೆಂದಿದ್ದಾರೆ. ಆದರೆ ಎಲ್ಲ ಹಣವನ್ನೂ ಒಂದೇ ಪಟ್ಟಿಯಲ್ಲಿ ಇಡಬೇಡಿ. ಅರ್ಧ ನಿಮ್ಮ ಮನೆಯವರ ಬಳಿ ಇರಲಿ. 5 ಮತ್ತು 10 ರಿಯಾಲಿನ ನೋಟುಗಳು ಬೇಕೇ ಬೇಕು.

ಇಷ್ಟನ್ನು ಟ್ರಾವೆಲ್ಸಿನವರೂ ಹೇಳಿಯಾರು. ಅವರು ಹೇಳದ ಸಂಗತಿ ಬೇರೆ ಇದೆ. ನಮ್ಮ ತಾಲೂಕುಗಳ ಹುಡುಗರು ಸೌದಿಯಲ್ಲಿ ದುಡಿಯುತ್ತಿದ್ದಾರೆ. ‘ನೀವು ಇಲ್ಲಿ ಅವರಮ್ಮನ ಕೈಗೆ ರೂಪಾಯಿ ಕೊಡಿ, ಅಲ್ಲಿ ಹುಡುಗ ಬಂದು ರಿಯಾಲ್ ಕೊಡುತ್ತಾನೆ’ ಎಂಬ ಏರ್ಪಾಡು ಊರೂರಲ್ಲಿದೆ. ಯಾರಿಗೂ ಮೋಸದ ಉದ್ದೇಶವಿರುವುದಿಲ್ಲ, ಎಲ್ಲರೂ ಬಂಧುಗಳೇ. ಆದರೆ 1999ರ ವಿದೇಶಿ ವಿನಿಮಯ ಕಾಯಿದೆ ಇದನ್ನು ಒಪ್ಪುವುದಿಲ್ಲ. ಶರೀಅತ್ತಿನಲ್ಲಿಯೂ ಇದಕ್ಕೆ ಅಡ್ಡಿಯಿದೆ. ಚಿನ್ನಕ್ಕೆ ಬೆಳ್ಳಿಯನ್ನು ಬೇಕಾದ ದರಕ್ಕೆ ಬದಲಾಯಿಸಿಕೊಳ್ಳಬಹುದು, ಆದರೆ ಕೈಯಿಂದ ಕೈಗೆ, ಅಲ್ಲಿಯೇ, ಆಗಲೇ ನಡೆಯಬೇಕು ಎಂಬುದು ಪ್ರವಾದಿ(ಸ)ರ ಆದೇಶ. 1986ರಲ್ಲಿ ಅಮ್ಮಾನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ಕಾಗದದ ನೋಟಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂದು ತೀರ್ಮಾನಿಸಿತು.

ಮಾಲಿಕ್ ಬಿನ್ ಔಸ್ ಎಂಬವರು ನೂರು ದೀನಾರುಗಳನ್ನು ಬದಲಾಯಿಸಲು ಹೊರಟ ಪ್ರಸಂಗ ಬುಖಾರಿಯಲ್ಲಿದೆ. ತಲ್ಹಾ(ರ) ಒಪ್ಪಿಕೊಂಡು, ಚಿನ್ನವನ್ನು ಅಂಗೈಯಲ್ಲಿ ಹೊರಳಿಸುತ್ತ, ತಮ್ಮ ಖಜಾಂಚಿ ಗಾಬಾದಿಂದ ಬರುವವರೆಗೆ ತಾಳಿರಿ ಎಂದರು. ಅದನ್ನು ಕೇಳಿಸಿಕೊಂಡ ಉಮರ್(ರ), ಹಣ ಕೈಸೇರುವವರೆಗೆ ಇವರನ್ನು ಬಿಟ್ಟು ಕದಲಬೇಡ ಎಂದು ಆಣೆಯಿಟ್ಟು ಹೇಳಿದರು. ತಲ್ಹಾ(ರ) ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಅವರ ಮಾತಿನ ಮೇಲೆ ಯಾರಿಗೂ ಸಂದೇಹವಿರಲಿಲ್ಲ. ಆದರೂ ಅಲ್ಲಿ ನಂಬಿಕೆಯ ಮಾತು ಸಾಕಾಗಲಿಲ್ಲ.

ಈ ಪ್ರಸಂಗವನ್ನು ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೆವೋ ಲೆಕ್ಕವಿಲ್ಲ. 2024ರ ಜನವರಿ, ರಜಬ್ ತಿಂಗಳಲ್ಲಿ ನಾವು ಉಮ್ರಾಕ್ಕೆ ಹೋದೆವು. ಮಕ್ಕಾದಲ್ಲಿ ನಮ್ಮ ಮನೆಯವರಿಗೆ ಜ್ವರ ಬಂದು, ಔಷಧಕ್ಕೂ ಟ್ಯಾಕ್ಸಿಗೂ ಕೈಯಲ್ಲಿದ್ದುದೆಲ್ಲ ಖರ್ಚಾಯಿತು. ಬ್ಯಾಂಕಿನ ಕಾರ್ಡ್ ಇತ್ತು. ಅದರ ವಿದೇಶಿ ಬಳಕೆಯನ್ನು ಊರಿನಲ್ಲಿಯೇ ತೆರೆಸಿಕೊಳ್ಳಬೇಕೆಂಬುದು ನಮಗೆ ಗೊತ್ತಿರಲಿಲ್ಲ. ಹಜ್ಜಿಗೆ ಬರುವಾಗ ಬುತ್ತಿ ಕಟ್ಟಿಕೊಳ್ಳಿರೆಂದು ಆದೇಶಿಸುವ ಆಯತ್ತು ಇಳಿದದ್ದು, ಬರಿಗೈಯಲ್ಲಿ ಬಂದು ಮಕ್ಕಾದಲ್ಲಿ ಜನರ ಮುಂದೆ ಕೈಚಾಚುತ್ತಿದ್ದ ಯಾತ್ರಿಕರ ವಿಷಯದಲ್ಲಿ. ತಖ್ವಾವೇ ಉತ್ತಮ ಬುತ್ತಿ ಎಂಬ ಅದರ ಮುಂದಿನ ಭಾಗವನ್ನಷ್ಟೇ ನಾವು ಪ್ರವಚನಗಳಲ್ಲಿ ಎತ್ತಿ ಹೇಳುತ್ತಿದ್ದೆವು.

ನಮ್ಮ ತಂಡದಲ್ಲಿದ್ದ ಕುಷ್ಟಗಿಯ ಚಾಚಾ ಒಬ್ಬರು ಕೇಳದೆಯೇ 800 ರಿಯಾಲ್ ಎಣಿಸಿಕೊಟ್ಟರು. ‘ಬಿಡ್ರಿ ಹಜ್ರತ್, ಊರಿಗೆ ಹೋದ ಮ್ಯಾಲ ಹದಿನೆಂಟು ಸಾವಿರ ಕೊಟ್ರ ಆತು’ ಎಂದರು. ನಾವು ಅಲ್‌ಹಮ್ದುಲಿಲ್ಲಾಹ್ ಎಂದು ಜೇಬಿಗಿಳಿಸಿದೆವು. ಸಾಲವನ್ನು ಬರೆದಿಡಿ ಎಂದು ಸೂರಃ ಬಕರಾದಲ್ಲಿ ಅಷ್ಟು ದೀರ್ಘವಾದ ಆಯತ್ತಿದೆ. ನಾವು ಒಂದಕ್ಷರವನ್ನೂ ಬರೆಯಲಿಲ್ಲ.

ಊರಿಗೆ ಬಂದ ಮೇಲೆ ಶಾಲೆಯ ಸಂಬಳದಲ್ಲಿ ಕೂಡಿಡುತ್ತ ಕೂಡಿಡುತ್ತ ಒಂದು ವರ್ಷ ಕಳೆಯಿತು. 2025ರ ಫೆಬ್ರವರಿಯಲ್ಲಿ 18,000 ರೂಪಾಯಿ ಸಿದ್ಧವಾದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಾವು ತೆಗೆದುಕೊಂಡದ್ದು ರಿಯಾಲ್. ಹಾಗಿದ್ದ ಮೇಲೆ ಕೊಡಬೇಕಾದುದೂ ರಿಯಾಲೇ ಅಲ್ಲವೇ? ಹದಿನೆಂಟು ಸಾವಿರ ಎಂದು ಅಂದೇ ಗೊತ್ತುಮಾಡಿದ್ದು ಸಾಲವೇ ಅಥವಾ ಒಂದು ಕೈ ಮುಂದೆ, ಒಂದು ಕೈ ವರ್ಷದ ಹಿಂದೆ ಇರುವ ವಿನಿಮಯವೇ? ಬೆಳಿಗ್ಗೆ ಹುಬ್ಬಳ್ಳಿಯ ವಿನಿಮಯದವರಿಗೆ ಫೋನ್ ಮಾಡಿದೆವು. ಅವರು ರಿಯಾಲ್ ಮಾರುವ ದರ 23 ರೂಪಾಯಿ 50 ಪೈಸೆ. 800ಕ್ಕೆ 18,800 ಆಗುತ್ತಿತ್ತು.

ನೋಟನ್ನು ಚಿನ್ನ ಬೆಳ್ಳಿಯ ಸಾಲಿಗೆ ಸೇರಿಸದೆ ಫುಲೂಸ್ ಎಂದು ಪರಿಗಣಿಸುವ ಹನಫಿ ಉಲಮಾಗಳೂ ಇದ್ದಾರೆ. ಅವರ ಪ್ರಕಾರ ಒಬ್ಬನ ಕೈಗೆ ಹಣ ಸೇರಿದರೆ ಸಾಕು, ಇನ್ನೊಬ್ಬನದು ತಡವಾಗಬಹುದು. ಆದರೆ ಒಪ್ಪಂದದ ದಿನದ ಮಾರುಕಟ್ಟೆ ದರವನ್ನು ಬಿಡಬಾರದು. ಆ ಅಭಿಪ್ರಾಯದ ನೆರಳಿನಲ್ಲಿ ನಮ್ಮ ಹದಿನೆಂಟು ಸಾವಿರ ನಿಲ್ಲುತ್ತಿತ್ತೇನೋ. ಆದರೆ ಆ ಅಭಿಪ್ರಾಯ ನಮಗೆ ನೆನಪಾದದ್ದು ಎಂಟುನೂರು ರೂಪಾಯಿ ಹೆಚ್ಚು ಕೊಡಬೇಕಾಗಿ ಬಂದಾಗ. ರಿಯಾಲ್ ಇಳಿದಿದ್ದರೆ ನಾವು ಯಾವ ಫತ್ವಾ ಹುಡುಕುತ್ತಿದ್ದೆವು? ಈ ಪ್ರಶ್ನೆ ಎದ್ದ ಮೇಲೆ ಅದರ ಆಸರೆ ಪಡೆಯಲು ಮನಸ್ಸು ಬರಲಿಲ್ಲ.

ಇಬ್ನು ಉಮರ್(ರ) ಬಕೀಅ್‌ನಲ್ಲಿ ಒಂಟೆ ಮಾರುತ್ತಿದ್ದರು. ದೀನಾರಿಗೆ ಮಾರಿ ದಿರ್ಹಮ್ ಪಡೆಯುವುದು ಅವರ ರೂಢಿ. ಹೀಗೆ ಮಾಡಬಹುದೇ ಎಂದು ಪ್ರವಾದಿ(ಸ)ರನ್ನು ಕೇಳಿದಾಗ, ಆ ದಿನದ ದರದಂತೆ ಪಡೆದು, ಇಬ್ಬರ ನಡುವೆ ಏನೂ ಬಾಕಿ ಉಳಿಯದಂತೆ ಅಗಲುವುದಾದರೆ ಅಡ್ಡಿಯಿಲ್ಲವೆಂದರು. ಅಬೂದಾವೂದ್‌ನಲ್ಲಿರುವ ಈ ಹದೀಸೇ ನಮಗೆ ದಾರಿಯಾಯಿತು. ಸಾಲ ರಿಯಾಲಿನಲ್ಲಿಯೇ ಇರಲಿ. ತೀರಿಸುವ ದಿನ ಇಬ್ಬರೂ ಒಪ್ಪಿದರೆ ಆ ದಿನದ ದರದಲ್ಲಿ ರೂಪಾಯಿ ಕೊಡಬಹುದು.

ಅಸರ್ ನಮಾಝಿನ ಬಳಿಕ ಕುಷ್ಟಗಿಗೆ ಹೋದೆವು. ಚಾಚಾ 18,000 ಎಣಿಸಿಕೊಂಡು ಉಳಿದ ನೋಟುಗಳನ್ನು ನಮ್ಮ ಕಡೆಗೆ ತಳ್ಳಿದರು. ‘ನಾನು ಹೇಳಿದ್ದು ಹದಿನೆಂಟು, ಅದರ ಮ್ಯಾಲ ತಗೊಂಡ್ರ ಬಡ್ಡಿ ಆಗತೈತಿ’ ಎಂದರು. ಅವರ ಭಯ ನಮ್ಮ ಭಯಕ್ಕೆ ತದ್ವಿರುದ್ಧ! ಇದು ಬಡ್ಡಿಯಲ್ಲ, ನೀವು ಕೊಟ್ಟ 800 ರಿಯಾಲಿನ ಇಂದಿನ ಬೆಲೆ, ಇದೇ ಹಣಕ್ಕೆ ನೀವು ಇಂದು ಪುನಃ 800 ರಿಯಾಲನ್ನಷ್ಟೇ ಕೊಳ್ಳಬಲ್ಲಿರಿ ಎಂದು ವಿವರಿಸಿದೆವು. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ‘ಅಂದ್ರ ಈಗ ಇದು ನಂದು?’ ಎಂದು ಕೇಳಿದರು. ಹೌದೆಂದೆವು. ‘ನಂದು ಅಂದಮ್ಯಾಗ ನಾನು ಬಿಟ್ಟುಕೊಡಬಹುದಲ್ಲ’ ಎಂದು ಆ ಎಂಟುನೂರನ್ನು ನಮ್ಮ ಮನೆಯವರ ಔಷಧಕ್ಕೆಂದು ಕೈಗಿತ್ತರು. ಹಕ್ಕು ಯಾರದೆಂದು ತಿಳಿದು ಕೊಟ್ಟದ್ದಾದ್ದರಿಂದ ಅದನ್ನು ಸ್ವೀಕರಿಸಿದೆವು.

ಮುಂದಿನ ರಜಬ್‌ನಲ್ಲಿ ಅವರು ತಮ್ಮ ತಂಗಿ ಮತ್ತು ಭಾವನೊಡನೆ ಮತ್ತೆ ಉಮ್ರಾಕ್ಕೆ ಹೊರಟರು. ಹೊರಡುವ ಮುನ್ನ ಫೋನ್ ಮಾಡಿ, ಭಾವನಿಗೆ ಅಲ್ಲಿ ಹಣ ಬೇಕಾದರೆ ಹೇಗೆ ಬರೆದುಕೊಡಬೇಕೆಂದು ಕೇಳಿದರು. ರಿಯಾಲ್ ಎಂದೇ ಬರೆಯಿರಿ, ರೂಪಾಯಿ ಎಷ್ಟೆಂದು ಬರೆಯಬೇಡಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಎಂದೆವು.