ಬಾಗಿಲಿಗೆ ಕದಿರು, ಕಿಟಕಿಗೆ ಎಲೆ

ಅಕ್ಟೋಬರ್ ತಿಂಗಳಿಡೀ ನನ್ನ ಕೋಟಿನ ಜೇಬು ಖಾಲಿ ಇರುವುದಿಲ್ಲ. ಒಂದು ಕಡೆ ಟೊಪ್ಪಿ ಹಾಕಿಕೊಂಡ ಓಕ್ ಬೀಜ, ಇನ್ನೊಂದು ಕಡೆ ಪೈನ್ ಮರದ ಒಣಕಾಯಿ, ಕೈಚೀಲದ ಪುಸ್ತಕದೊಳಗೆ ಮೇಪಲ್ ಎಲೆ. ಬಾಸ್ಟನ್ನಿಗೆ ಪಶ್ಚಿಮದಲ್ಲಿ ನಾವಿರುವ ಈ ಸಣ್ಣ ಊರಿನಲ್ಲಿ ಬೀದಿಯ ಎರಡು ಬದಿಗೂ ಮರಗಳೇ. ಸೆಪ್ಟೆಂಬರ್ 22–23ರ ಹೊತ್ತಿಗೆ ಹಗಲೂ ರಾತ್ರಿಯೂ ಸಮವಾಗಿ, ಅಲ್ಲಿಂದಾಚೆಗೆ ಕತ್ತಲೆ ದಿನದಿನಕ್ಕೂ ಇನ್ನಷ್ಟು ಬೇಗ ಇಳಿಯುತ್ತಾ ಹೋಗುತ್ತದೆ. ಅಕ್ಟೋಬರ್ ನಡುವಿಗೆ ಇಡೀ ಬೀದಿ ಕೆಂಪು, ಕಿತ್ತಳೆ, ಅರಿಶಿನ. ಇಲ್ಲಿಯವರು ಫಾಲ್ ಎನ್ನುವ ಈ ಕಾಲದಲ್ಲಿ ಮನೆ ಸಿಂಗರಿಸುವಷ್ಟು ಇಷ್ಟದ ಕೆಲಸ ನನಗೆ ವರ್ಷದಲ್ಲಿ ಬೇರೊಂದಿಲ್ಲ.

ಅಂಗಡಿಗಳಲ್ಲಿ ಆಗಸ್ಟಿಗೇ ಬಟ್ಟೆಯ ಎಲೆ, ಥರ್ಮೋಕೋಲಿನ ಕುಂಬಳಕಾಯಿ ಬಂದು ಕೂತಿರುತ್ತವೆ. ಹೊರಗೆ ಇಷ್ಟೆಲ್ಲ ಉದುರಿ ಬೀಳುತ್ತಿರುವಾಗ ಅವನ್ನು ಕೊಳ್ಳಲು ನನಗೆ ಮನಸ್ಸು ಬಾರದು. ಮನೆಯಿಂದ ನಡೆದು ಹೋಗಿ ಬರುವಷ್ಟು ದೂರದಲ್ಲಿ ಏನು ಸಿಗುತ್ತದೋ ಅದರಿಂದಲೇ ಮನೆ ಸಿಂಗಾರವಾಗಬೇಕು. ಸಿಗದ ಒಂದೆರಡು ವಸ್ತುವಿಗೆ ಹೊಲದ ಬದಿಯ ರೈತರ ಅಂಗಡಿ ಇದೆ. ಋತು ಮುಗಿದಾಗ ಎಲ್ಲವೂ ಮಣ್ಣಿಗೆ ವಾಪಸಾಗಬೇಕು. ಇಷ್ಟನ್ನು ಇಟ್ಟುಕೊಂಡರೆ ಖರ್ಚೂ ಕಡಿಮೆ, ಮನೆಯೂ ತನ್ನ ಊರಿನ ಮನೆಯಂತೆ ಕಾಣುತ್ತದೆ.

ಮೊದಲು ಎಲೆ. ಹೆಕ್ಕುವುದಕ್ಕೆ ಹದವಾದ ಹೊತ್ತು ಬೆಳಗಿನ ಇಬ್ಬನಿ ಆರಿದ ಮೇಲೆ. ಅಂದು ಬಿದ್ದ ಎಲೆಯೇ ಆಗಬೇಕು. ತೊಟ್ಟು ಬಗ್ಗಿಸಿದರೆ ಮುರಿಯದೆ ಬಾಗಬೇಕು. ಶುಗರ್ ಮೇಪಲ್ ಒಂದೇ ಎಲೆಯಲ್ಲಿ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಹೊರಳುತ್ತದೆ. ರೆಡ್ ಮೇಪಲ್ ಕುಂಕುಮ ಕಲಸಿದ ಹಾಗೆ. ಬರ್ಚ್, ಹಿಕರಿ ಬರೀ ಹಳದಿ. ಗಿಂಕ್ಗೊ ಮರ ಮಾತ್ರ ತನ್ನ ಎಲೆಯನ್ನೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಇಳಿಸಿಬಿಡುತ್ತದೆ, ಅದಕ್ಕೆ ಕಾದಿರಬೇಕು. ಒಂದು ಎಚ್ಚರ: ಮರಕ್ಕೆ ಹಬ್ಬಿಕೊಂಡು ಮೂರು ಮೂರು ಎಲೆ ಬಿಟ್ಟ ಕೆಂಪು ಬಳ್ಳಿ ಕಂಡರೆ ಮುಟ್ಟಬೇಡಿ. ಅದು ಪಾಯ್ಸನ್ ಐವಿ. ಅದರ ಎಣ್ಣೆ ತಗುಲಿದರೆ ಮೈ ಬೊಬ್ಬೆ ಏಳುತ್ತದೆ, ಒಣಗಿದ ಎಲೆಯೂ ಅಷ್ಟೇ ಕೆಟ್ಟದ್ದು.

ಈ ಬಣ್ಣ ಹೇಗೆ ಬಂತು ಎಂದು ತಿಳಿದ ಮೇಲೆ ಎಲೆ ಹೆಕ್ಕುವ ಖುಷಿ ನನಗೆ ಇಮ್ಮಡಿಯಾಯಿತು. ಹಗಲು ಕಿರಿದಾದಂತೆ ಮರ ಹಸಿರು ತಯಾರಿಸುವುದನ್ನು ನಿಲ್ಲಿಸುತ್ತದೆ. ಹಸಿರು ಕರಗಿದಾಗ ಅದರಡಿ ಬೇಸಿಗೆಯಿಡೀ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಹಳದಿ ಹೊಸತಲ್ಲ, ಮೊದಲಿಂದಲೂ ಇದ್ದದ್ದೇ. ಕೆಂಪು ಹಾಗಲ್ಲ, ಎಲೆ ಉದುರುವ ಮುನ್ನ ತನ್ನಲ್ಲಿ ಉಳಿದ ಸಕ್ಕರೆಯಿಂದ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಹಗಲು ಬಿಸಿಲಿದ್ದು, ರಾತ್ರಿ ಹಿಮ ಕಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಜೋರು. ಮೋಡ, ಮಳೆಯ ವರ್ಷ ಮಂಕು. ನಮ್ಮ ಕಿಟಕಿಯಲ್ಲಿ ತೂಗುವ ಎಲೆಯ ಬಣ್ಣ ನೋಡಿದರೆ ಆ ಸಲದ ಸೆಪ್ಟೆಂಬರ್ ಹೇಗಿತ್ತೆಂದು ಹೇಳಬಹುದು.

ತಂದ ಎಲೆಯನ್ನು ಒತ್ತಿಡಬೇಕು. ನುಣುಪು ಕಾಗದದ ಪತ್ರಿಕೆ ಬೇಡ. ತೇವ ಹೀರದೆ ಎಲೆಗೆ ಬೂಷ್ಟು ಹಿಡಿಯುತ್ತದೆ. ಹಳೆಯ ದಿನಪತ್ರಿಕೆಯ ಒರಟು ಕಾಗದವೇ ಸರಿ. ಎರಡು ದಿನಕ್ಕೊಮ್ಮೆ ಕಾಗದ ಬದಲಿಸಿ, ಮೇಲೆ ನಿಘಂಟಿನ ಭಾರ ಹೇರಿದರೆ ವಾರದಲ್ಲಿ ಎಲೆ ಚಪ್ಪಟೆಯಾಗಿ ಒಣಗುತ್ತದೆ. ಬಣ್ಣ ನಿಲ್ಲಬೇಕಾದರೆ ಜೇನುಮೇಣದಲ್ಲಿ ಅದ್ದಬೇಕು. ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಪಾತ್ರೆ ಇಟ್ಟು ಮೇಣ ಕರಗಿಸುತ್ತೇನೆ. ಮೇಣ ನೇರ ಉರಿಯ ಮೇಲೆ ಕೂರಬಾರದು. ಅದು ಕರಗುವುದು ಸುಮಾರು 63 ಡಿಗ್ರಿ ಸೆಲ್ಸಿಯಸ್ಸಿಗೆ. ಅದಕ್ಕಿಂತ ತುಸು ಮೇಲೆ ನಿಂತರೆ ಹದ. ಹೆಚ್ಚು ಕಾದರೆ ಎಲೆ ಕರಿದ ಹಾಗೆ ಮುದುರುತ್ತದೆ, ಕಡಿಮೆಯಾದರೆ ಬಿಳಿಯ ದಪ್ಪ ಪದರ ಕೂತು ಬಣ್ಣವೇ ಮುಚ್ಚಿಹೋಗುತ್ತದೆ. ತೊಟ್ಟು ಹಿಡಿದು ಎಲೆಯನ್ನು ಇಳಿಸಿ, ಒಮ್ಮೆ ಆಚೀಚೆ ಹೊರಳಿಸಿ, ಮೇಲೆತ್ತಿ ಹನಿ ಉದುರಿಸಬೇಕು. ಆಗ ಎಲೆಯ ಮೇಲೆ ಕ್ಷಣಕಾಲ ಒಂದು ಮಿರುಗು ಓಡುತ್ತದೆ. ನರ ನರವೂ ಎದ್ದು ಕಾಣುತ್ತದೆ. ಬಳಿಕ ಬಟ್ಟೆ ಕ್ಲಿಪ್ಪು ಹಾಕಿ ದಾರಕ್ಕೆ ತೂಗುಬಿಡುವುದು. ಅಡುಗೆಮನೆಯಲ್ಲಿ ಜೇನುಗೂಡಿನ ವಾಸನೆ ಸಂಜೆವರೆಗೂ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಸುಲಭದ ದಾರಿ ಎಂದರೆ ಎರಡು ಮೇಣದ ಕಾಗದದ ನಡುವೆ ಎಲೆ ಇಟ್ಟು, ಮೇಲೊಂದು ಬಟ್ಟೆ ಹಾಸಿ, ಆವಿ ಬಿಡದ ಇಸ್ತ್ರಿಪೆಟ್ಟಿಗೆ ಒತ್ತುವುದು.

ಪೂರ್ತಿ ರೆಂಬೆಯೇ ಬೇಕೆನ್ನುವವರು ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ ಅದರಲ್ಲಿ ನಿಲ್ಲಿಸುತ್ತಾರೆ. ಅದಕ್ಕೆ ಬೀಚ್ ಅಥವಾ ಓಕ್ ರೆಂಬೆಯನ್ನು ಬಣ್ಣ ತಿರುಗುವ ಮುಂಚೆಯೇ ಕಡಿಯಬೇಕು. ಬಣ್ಣ ಬಂದಿತೆಂದರೆ ತೊಟ್ಟಿನ ಬುಡದಲ್ಲಿ ಮರ ಆಗಲೇ ಬಾಗಿಲು ಮುಚ್ಚಿರುತ್ತದೆ, ಎಲೆಗೆ ಏನೂ ಏರುವುದಿಲ್ಲ.

ತೋರಣಕ್ಕೆ ಓಕ್ ಎಲೆ. ಊರಿನಲ್ಲಿ ಮಾವಿನೆಲೆಯ ತೊಟ್ಟಿನ ಕಡೆಯನ್ನು ಹಗ್ಗದ ಮೇಲೆ ಮಡಚಿ ತೆಂಗಿನಗರಿಯ ಕಡ್ಡಿ ಚುಚ್ಚುತ್ತೇವಲ್ಲ, ಅದೇ ಕೈ ಇಲ್ಲಿಯೂ ನಡೆಯುತ್ತದೆ. ಕಡ್ಡಿಯ ಬದಲು ಟೂತ್‌ಪಿಕ್. ಓಕ್ ಎಲೆ ಚರ್ಮದಷ್ಟು ಗಟ್ಟಿ. ಹಸಿಯಿರುವಾಗ ಮಡಚಿದರೆ ಸೀಳುವುದಿಲ್ಲ, ಒಣಗಿದ ಮೇಲೂ ಉದುರುವುದಿಲ್ಲ. ಎಷ್ಟೋ ಓಕ್ ಮರಗಳು ಕಂದು ಎಲೆಯನ್ನು ಚಳಿಗಾಲದಲ್ಲೂ ಬಿಡದೆ ಹಿಡಿದುಕೊಂಡಿರುತ್ತವೆ. ಅಂಥ ಹಟದ ಎಲೆ ಬಾಗಿಲಲ್ಲಿ ಎರಡು ತಿಂಗಳು ನಿಲ್ಲುವುದೇನು ದೊಡ್ಡದು! ಮೇಪಲ್ ಎಲೆಯನ್ನು ಮಾತ್ರ ಮಡಚಬಾರದು, ತೊಟ್ಟಿಗೇ ದಾರ ಕಟ್ಟಿ ಬೆಳಕು ಹಾಯುವ ಕಿಟಕಿಗೆ ಇಳಿಬಿಡಬೇಕು.

ಓಕ್ ಬೀಜ, ಪೈನ್ ಕಾಯಿ ತಂದವರು ನೇರ ತಟ್ಟೆಗೆ ಹಾಕಿಡಬೇಡಿ. ಓಕ್ ಬೀಜದೊಳಗೆ ಸೊಂಡಿಲಹುಳದ ಮರಿ ಇರಬಹುದು. ನಾಲ್ಕು ದಿನದಲ್ಲಿ ಸಣ್ಣ ತೂತು ಕೊರೆದು ಮೇಜಿನ ಮೇಲೆ ಹೊರಳುತ್ತದೆ. 90 ಡಿಗ್ರಿ ಸೆಲ್ಸಿಯಸ್ಸಿನ ಓವನ್ನಿನಲ್ಲಿ ಒಂದೆರಡು ಗಂಟೆ ಇಟ್ಟು ತೆಗೆದರೆ ನಿಶ್ಚಿಂತೆ. ಪೈನ್ ಕಾಯಿ ಒದ್ದೆಯಾದರೆ ಮುಚ್ಚಿಕೊಳ್ಳುತ್ತದೆ, ಒಣಗಿದರೆ ಅರಳುತ್ತದೆ. ಮಳೆಯಲ್ಲಿ ಮೊಗ್ಗಿನಂತಿದ್ದದ್ದು ಹೀಟರ್ ಬದಿಯಲ್ಲಿ ಹೂವಾಗುವುದನ್ನು ನೋಡುವುದೇ ಒಂದು ಸಂಭ್ರಮ. ಮೈಸೂರಿನ ಗೆಳತಿಯೊಬ್ಬಳು ನವರಾತ್ರಿಗೆ ಗೊಂಬೆ ಕೂರಿಸುತ್ತಾಳೆ. ಮೆಟ್ಟಿಲ ಮುಂದಿನ ಕಾಡಿಗೆ ಮರಗಳೆಂದರೆ ಇದೇ ಪೈನ್ ಕಾಯಿ, ನೆಲಕ್ಕೆ ಗಿಂಕ್ಗೊ ಎಲೆ. ಚನ್ನಪಟ್ಟಣದ ಅರಗಿನ ಗೊಂಬೆಗಳು ಆ ಹಳದಿ ನೆಲದ ಮೇಲೆ ನಿಂತದ್ದನ್ನು ನೋಡಲೆಂದೇ ನಾನು ಅವಳ ಮನೆಗೆ ಹೋಗುತ್ತೇನೆ.

ಇಲ್ಲಿಯ ಮನೆಗಳ ಮುಂಬಾಗಿಲಿಗೆ ಮೆಕ್ಕೆಜೋಳದ ತೆನೆ ಕಟ್ಟುವ ರೂಢಿಯಿದೆ. ಸಿಪ್ಪೆಯನ್ನು ಹಿಂದಕ್ಕೆ ಸುಲಿದು, ಮೂರು ತೆನೆ ಒಟ್ಟು ಸೇರಿಸಿ, ಸಿಪ್ಪೆಯಲ್ಲೇ ಗಂಟು ಹಾಕುತ್ತಾರೆ. ಅಮ್ಮ ಬಂದಿದ್ದಾಗ ಪಕ್ಕದ ಮನೆ ಬಾಗಿಲು ನೋಡಿ ನಿಂತೇಬಿಟ್ಟರು. "ಇವರೂ ಕದಿರು ಕಟ್ತಾರಾ?" ಎಂದರು. ಕರಾವಳಿಯ ನಮ್ಮ ಮನೆಗಳಲ್ಲಿ ಹೊಸ ಭತ್ತದ ಕದಿರನ್ನು ಮಾವು, ಹಲಸು, ಬಿದಿರಿನ ಎಲೆಯೊಳಗೆ ಇಟ್ಟು, ನಾರಿನಿಂದ ಸುತ್ತಿ, ಬಾಗಿಲಿಗೆ, ಕಂಬಕ್ಕೆ, ಅಕ್ಕಿ ತುಂಬಿದ ಪಾತ್ರೆಗೆ ಕಟ್ಟುತ್ತೇವೆ. ಅದೂ ಹೆಚ್ಚಾಗಿ ನವರಾತ್ರಿಯ ಆಸುಪಾಸಿನಲ್ಲೇ. "ಹೌದಮ್ಮ" ಎಂದೆ. ಮರುದಿನ ಅವರೇ ರೈತರ ಅಂಗಡಿಯಲ್ಲಿ ತೆನೆ ಆರಿಸಿದರು, ನಾರಿನ ಗಂಟನ್ನೇ ಹಾಕಿ ನಮ್ಮ ಬಾಗಿಲಿಗೂ ಕಟ್ಟಿದರು.

ಆ ತೆನೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಕು. ನಾವು ಸುಟ್ಟು ತಿನ್ನುವ ಜೋಳ ಇದಲ್ಲ, ಕಲ್ಲಿನಂಥ ಕಾಳಿನದು. ನೇರಳೆ, ಕಂದು, ಕೆಂಪು, ಕೆನೆ, ಕಪ್ಪು ಒಂದೇ ದಿಂಡಿನ ಮೇಲೆ ಅಕ್ಕಪಕ್ಕ ಕೂತಿರುತ್ತವೆ. ಕೆಲವು ಕಾಳುಗಳ ಮೇಲೆ ಶಾಯಿ ಚಿಮುಕಿಸಿದ ಹಾಗೆ ಚುಕ್ಕೆ. ಈ ಚುಕ್ಕೆಗಳ ಗುಟ್ಟು ಹಿಡಿದವರು ಬಾರ್ಬರಾ ಮೆಕ್‌ಕ್ಲಿಂಟಾಕ್. 1940ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಜೋಳ ಬೆಳೆದು, ಕಾಳು ಕಾಳನ್ನೂ ಪರೀಕ್ಷಿಸಿ, ವಂಶವಾಹಿಯ ತುಣುಕುಗಳು ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತವೆ ಎಂದು ತೋರಿಸಿದರು. ಬಣ್ಣ ಕೊಡುವ ವಂಶವಾಹಿಯ ನಡುವೆ ಅಂಥದೊಂದು ತುಣುಕು ಬಂದು ಕೂತರೆ ಬಣ್ಣ ನಿಲ್ಲುತ್ತದೆ. ಕಾಳು ಬೆಳೆಯುತ್ತಿರುವಾಗ ಯಾವುದೋ ಕೋಶದಲ್ಲಿ ಅದು ಎದ್ದು ಹೋದರೆ, ಆ ಕೋಶದ ಸಂತತಿಗೆಲ್ಲ ಬಣ್ಣ ಮರಳುತ್ತದೆ. ಬೇಗ ಎದ್ದು ಹೋದರೆ ದೊಡ್ಡ ಚುಕ್ಕೆ, ತಡವಾದರೆ ಸಣ್ಣದು. ಬಹುಕಾಲ ಯಾರೂ ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. 1983ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮನೆಗೆ ಬಂದ ಮಕ್ಕಳಿಗೆಲ್ಲ ಬಾಗಿಲಲ್ಲೇ ಈ ಕತೆ ಹೇಳುತ್ತೇನೆ. ಅಂಥ ವಿದ್ಯೆ ಅಡಗಿರುವ ಅಲಂಕಾರ ಬೇರೆ ಯಾವುದಿದೆ?

ಕುಂಬಳಕಾಯಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಕೆತ್ತಬೇಡಿ. ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದ ಐರ್ಲೆಂಡಿನವರು ವಲಸೆ ಬಂದ ಮೇಲೆ ಇಲ್ಲಿ ಧಾರಾಳವಾಗಿ ಸಿಗುವ ಕುಂಬಳಕ್ಕೆ ಆ ಪದ್ಧತಿಯನ್ನು ಹೊಂದಿಸಿಕೊಂಡರು. ಹ್ಯಾಲೋವೀನಿನ ಒಂದು ರಾತ್ರಿಗೆ ಅದು ಚೆಂದವೇ. ಆದರೆ ಕೆತ್ತಿದ ಕಾಯಿ ವಾರದೊಳಗೆ ಕುಸಿಯುತ್ತದೆ. ಇಡಿಯಾಗಿಟ್ಟದ್ದು ಎರಡು ಮೂರು ತಿಂಗಳು ಬಾಳುತ್ತದೆ, ಕೊನೆಗೆ ಹುಳಿಗೋ ಪಲ್ಯಕ್ಕೋ ಆಗುತ್ತದೆ. ಆರಿಸುವಾಗ ಬಣ್ಣಕ್ಕಿಂತ ಮೊದಲು ತೊಟ್ಟು ನೋಡಿ. ನಾಲ್ಕು ಬೆರಳುದ್ದ, ಗಟ್ಟಿಯಾಗಿ, ಒಣಗಿರಬೇಕು. ತೊಟ್ಟು ಹಿಡಿದು ಎತ್ತಬಾರದು. ಅದು ಮುರಿದರೆ ಕೊಳೆ ಅಲ್ಲಿಂದಲೇ ಶುರು. ಉಗುರು ಒತ್ತಿದರೆ ಸಿಪ್ಪೆಗೆ ಗುರುತು ಬೀಳಬಾರದು. ಹಿಮ ಬೀಳುವ ರಾತ್ರಿ ಒಳಗೆ ತಂದುಬಿಡಿ. ಕಿತ್ತಳೆ ಬಣ್ಣದ್ದೇ ಆಗಬೇಕೆಂದಿಲ್ಲ. ಬೂದು ನೀಲಿಯ ಜಾರಾಡೇಲ್, ಬಿಳಿಯ ಲುಮಿನಾ, ಸಿಂಡ್ರೆಲಾ ಎಂದು ಕರೆಯುವ ಚಪ್ಪಟೆ ಕೆಂಪು ಕಾಯಿ, ಮೂರನ್ನೂ ಮೆಟ್ಟಿಲ ಒಂದು ಬದಿಗೆ ಒಂದರ ಮೇಲೊಂದು ಇಟ್ಟರೆ ಬೇರೇನೂ ಬೇಡ. ಈ ಜಾತಿಗಳಿಗೆಲ್ಲ ಮೂಲ ತವರು ಅಮೆರಿಕ ಖಂಡಗಳೇ. ನಮ್ಮೂರ ಸಿಹಿಗುಂಬಳದ ಅಜ್ಜಿಮನೆಯೂ ಇಲ್ಲೇ. ಬೂದುಗುಂಬಳ ಮಾತ್ರ ನಮ್ಮ ಏಷ್ಯಾದ್ದು.

ಮೆಟ್ಟಿಲ ಇನ್ನೊಂದು ಬದಿಗೆ ಸೇವಂತಿಗೆ ಕುಂಡ. ಇಲ್ಲಿ ಮಮ್ಸ್ ಎಂದು ಮಾರುವುದು ನಮ್ಮ ಸೇವಂತಿಗೆಯ ಬಳಗವೇ. ರಾತ್ರಿ ಉದ್ದವಾದರೆ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಈ ಕಾರಣಕ್ಕೇ ಬೆಂಗಳೂರಿನ ಸುತ್ತಲ ಬೆಳೆಗಾರರು ಹೂವನ್ನು ತಡೆಹಿಡಿಯಲು ರಾತ್ರಿ ಹೊಲದಲ್ಲಿ ಬಲ್ಬು ಉರಿಸುತ್ತಾರೆ. ಇಲ್ಲಿ ಉದ್ದನೆಯ ರಾತ್ರಿ ತಾನಾಗಿಯೇ ಬರುತ್ತದೆ, ಗಿಡ ಅದಕ್ಕೆ ಸರಿಯಾಗಿ ಅರಳುತ್ತದೆ. ಅರಳಿ ನಿಂತದ್ದನ್ನು ಬಿಟ್ಟು ಮೊಗ್ಗು ತುಂಬಿದ್ದನ್ನು ಕೊಳ್ಳಿ. ನೀರನ್ನು ಹೂವಿನ ಮೇಲೆ ಹಾಕದೆ ಬುಡಕ್ಕೆ ಹಾಕಿ.

ಒಂದು ವಸ್ತುವನ್ನು ಮಾತ್ರ, ಎಷ್ಟೇ ಚೆಂದವಿದ್ದರೂ, ಮನೆಗೆ ತರಬೇಡಿ ಎಂದು ಬೇಡಿಕೊಳ್ಳುತ್ತೇನೆ. ಹಳದಿ ಸಿಪ್ಪೆ ಬಿರಿದು ಕೆಂಪು ಹಣ್ಣು ಇಣುಕುವ ಬಿಟರ್‌ಸ್ವೀಟ್ ಬಳ್ಳಿಯಿಂದ ಬಾಗಿಲಿನ ಬಳೆ ಹೆಣೆಯುವವರಿದ್ದಾರೆ. ಕಾಡಂಚಿನಲ್ಲಿ ಹೇರಳವಾಗಿ ಸಿಗುವುದು ಪೂರ್ವ ಏಷ್ಯಾದ ಜಾತಿ. 1860ರ ದಶಕದಲ್ಲಿ ಅಲಂಕಾರಕ್ಕೆಂದೇ ತಂದದ್ದು ಈಗ ಇಲ್ಲಿಯ ಮರಗಳನ್ನು ಸುತ್ತಿ ಬಿಗಿದು ಕೊಲ್ಲುತ್ತಿದೆ. ಮಸಾಚುಸೆಟ್ಸ್‌ನಲ್ಲಿ ಅದರ ಮಾರಾಟಕ್ಕೆ ನಿಷೇಧವಿದೆ. ಬಾಗಿಲಲ್ಲಿ ತೂಗಿದ ಹಣ್ಣನ್ನು ಹಕ್ಕಿ ತಿಂದರೆ ಬೀಜ ಮತ್ತೊಂದು ಕಾಡಿಗೆ ಹೋಯಿತೆಂದೇ ಲೆಕ್ಕ. ಈ ನೆಲದ್ದೇ ಆದ ಬಿಟರ್‌ಸ್ವೀಟ್ ಕೂಡ ಇದೆ. ಅದರ ಹಣ್ಣು ರೆಂಬೆಯ ತುದಿಯಲ್ಲಿ ಮಾತ್ರ ಬಿಡುತ್ತದೆ, ಪರಕೀಯ ಬಳ್ಳಿಯದ್ದು ಉದ್ದಕ್ಕೂ ಎಲೆಯ ಕಂಕುಳಲ್ಲಿ. ನಮ್ಮ ಪಶ್ಚಿಮ ಘಟ್ಟದ ಜ್ಯೋತಿಷ್ಮತಿಯೂ ಇದೇ ಕುಲದ ಬಳ್ಳಿ. ತನ್ನ ಕಾಡಿನಲ್ಲಿ ಅದು ಯಾರಿಗೂ ಹೊರೆಯಲ್ಲ.

ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಮುಗಿದರೆ ಈ ಸಿಂಗಾರಕ್ಕೆ ಬಿಡುವು. ಬಣ್ಣ ಬಳಿಯದ ಕುಂಬಳ ಅಡುಗೆಗೆ, ಮೆತ್ತಗಾದದ್ದು ಗೊಬ್ಬರದ ಗುಂಡಿಗೆ. ಜೋಳದ ತೆನೆ ಅಳಿಲಿಗೆ. ಜೇನುಮೇಣದ ಎಲೆಯೂ ಗೊಬ್ಬರಕ್ಕೆ ಆಗುತ್ತದೆ. ಅಂಗಳದ ಉಳಿದ ಎಲೆಯನ್ನು ದಯವಿಟ್ಟು ಚೀಲಕ್ಕೆ ತುಂಬಿ ಕಳಿಸಬೇಡಿ. ಬೇಸಿಗೆಯಲ್ಲಿ ಮಿನುಗುವ ಮಿಂಚುಹುಳದ ಮರಿಗಳೂ ಎಷ್ಟೋ ಪತಂಗಗಳ ಗೂಡುಗಳೂ ಚಳಿಗಾಲ ಕಳೆಯುವುದು ಅದರಡಿಯಲ್ಲೇ. ಮನೆಗೆ ಬೇಕಾದಷ್ಟು ಹೆಕ್ಕಿಕೊಂಡು, ಉಳಿದದ್ದನ್ನು ಮರದ ಬುಡಕ್ಕೆ ಸರಿಸಿಡಿ.